ಆರು ಲೇನು, ನಾಲ್ಕು ವ್ಯಾಖ್ಯೆ

ಸಮಾಂತರ ರೇಖೆಗಳ ವಿಷಯದಲ್ಲಿ ನನ್ನ ಸರಿಸಮ ನಿಲ್ಲುವವರು ಇಡೀ ರೋಣ ತಾಲೂಕಿನಲ್ಲಿ ಯಾರೂ ಇಲ್ಲ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವಿತ್ತು. ನಾನು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೇರೆಯವರು ಒಂದೇ ವ್ಯಾಖ್ಯೆ ಬರೆಸಿ ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನು ನಾಲ್ಕು ಬರೆಸುತ್ತೇನೆ. ಎಷ್ಟು ದೂರ ಬೆಳೆಸಿದರೂ ಒಂದನ್ನೊಂದು ಕೂಡದವು ಸಮಾಂತರ ರೇಖೆಗಳು. ಒಂದೇ ರೇಖೆಗೆ ಲಂಬವಾಗಿ ನಿಂತವು ಸಮಾಂತರ. ಅಡ್ಡ ಹಾಯ್ದ ಛೇದಕ ರೇಖೆಯ ಜೊತೆ ಸಮನಾದ ಅನುರೂಪ ಕೋನ ಮಾಡುವವು ಸಮಾಂತರ. ಎಲ್ಲಿ ಅಳೆದರೂ ನಡುವೆ ಒಂದೇ ಅಂತರ ಇರುವವು ಸಮಾಂತರ.

"ನಾಲ್ಕೂ ಒಂದೇ ಮಾತು, ಮಕ್ಕಳೇ," ಎಂದು ಪ್ರತಿ ವರ್ಷ ಹೇಳುತ್ತೇನೆ. "ಗಜೇಂದ್ರಗಡದಿಂದ ಬನ್ನಿ, ನರಗುಂದದಿಂದ ಬನ್ನಿ, ರೋಣ ಒಂದೇ!"

ನಾಲ್ಕು ದಾರಿ ಇದ್ದರೆ ದಾರಿ ತಪ್ಪಲಿಕ್ಕೂ ನಾಲ್ಕು ಅವಕಾಶ ಇರುತ್ತವೆ ಎನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಆ ವರ್ಷ ವಲಯ ಮಟ್ಟದ ಕ್ರೀಡಾಕೂಟ ನಡೆಸುವ ಪಾಳಿ ನಮ್ಮ ಶಾಲೆಗೆ ಬಂತು. ಕೂಟಕ್ಕೆ ನಾಲ್ಕು ದಿನ ಇದೆ ಎನ್ನುವಾಗ ನಮ್ಮ ದೈಹಿಕ ಶಿಕ್ಷಕ ಪಾಟೀಲ ಸರ್ ಬೈಕಿನಿಂದ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ನೂರು ಮೀಟರ್ ಓಟದ ಲೇನುಗಳನ್ನು ಹಾಕುವವರು ಯಾರು? ಮುಖ್ಯೋಪಾಧ್ಯಾಯಿನಿ ಮೇಡಂ ಎಲ್ಲರ ಮುಖ ನೋಡಿದರು. ಎಲ್ಲರೂ ನೆಲ ನೋಡಿದರು. ನಾನು ಕೈ ಎತ್ತಿದೆ.

"ಸರ, ನಿಮಗ ಆಗ್ತದೇನ್ರಿ?" ಮೇಡಂ ದನಿಯಲ್ಲಿ ಸಣ್ಣ ಅನುಮಾನ.

"ಮೇಡಂ, ಲೇನು ಅಂದ್ರ ಏನ್ರಿ? ಸಮಾಂತರ ರೇಖಿ! ಅದು ನನ್ನ ಮನಿ ದೇವರಿದ್ದಂಗ."

ಪಾಟೀಲ ಸರ್ ಹಾಸಿಗೆಯಿಂದಲೇ ಫೋನ್ ಮಾಡಿದರು. "ತಲಿ ಕೆಡಿಸ್ಕೋಬ್ಯಾಡ್ರಿ ಸರ. ಒಂದು ಹಗ್ಗ, ನಾಕು ಗೂಟ, ಒಂದು ಟೇಪು. ಎರಡೂ ಕಡಿ ಅಳತಿ ಮಾಡಿ, ಹಗ್ಗ ಎಳದು, ಸುಣ್ಣದ ಪುಡಿ ಹಾಕಿದ್ರ ಮುಗೀತು."

ಪಾಪ, ಸಿದ್ಧಾಂತ ಗೊತ್ತಿಲ್ಲದ ಮನುಷ್ಯ ಎಂದು ಮರುಕಪಟ್ಟು ಫೋನಿಟ್ಟೆ.

ಈ ಓಟದಲ್ಲಿ ನಮ್ಮ ಶಾಲೆಗೆ ಒಂದು ದೊಡ್ಡ ಆಸೆ ಇತ್ತು. ಹತ್ತನೇ ತರಗತಿಯ ಕಸ್ತೂರಿ. ಅಸೂಟಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಅವಳ ತಾಯಿ ಯಲ್ಲವ್ವ ಹೊಲದ ಕೂಲಿ ಕೆಲಸ ಮಾಡುತ್ತಾಳೆ. ಕಸ್ತೂರಿ ನನ್ನ ತರಗತಿಯಲ್ಲಿ ಲೆಕ್ಕ ಕಂಡರೆ ಓಡುತ್ತಾಳೆ. ಮೈದಾನದಲ್ಲಿ ಲೆಕ್ಕವಿಲ್ಲದಂತೆ ಓಡುತ್ತಾಳೆ. ವಲಯದಲ್ಲಿ ಮೊದಲ ಇಬ್ಬರಿಗೆ ತಾಲೂಕಿಗೆ ಹೋಗುವ ಅವಕಾಶ. "ಸರ, ನಮ್ಮವ್ವ ಕೆಲಸ ಬಿಟ್ಟು ನೋಡಾಕ ಬರ್ತಾಳ್ರಿ," ಎಂದು ಅವಳು ಶನಿವಾರವೇ ಹೇಳಿಹೋಗಿದ್ದಳು.

ಭಾನುವಾರ ಮುಂಜಾನೆ ಟೇಪು ಹಿಡಿಯಲು ಒಬ್ಬರು ಬೇಕೆಂದು ಹೆಂಡತಿ ಗಿರಿಜಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ರೋಣದಿಂದ ಹೊರಟೆ. ರೊಟ್ಟಿ, ಪುಂಡಿಪಲ್ಯೆ, ಮೊಸರು ಕಟ್ಟಿಕೊಂಡಿದ್ದಳು. ನಾನು ಕರಿಹಲಗೆಗೆ ಬಳಸುವ ದೊಡ್ಡ ಕಟ್ಟಿಗೆಯ ಕೋನಮಾಪಕ ಕಟ್ಟಿಕೊಂಡಿದ್ದೆ.

ಮೈದಾನದಲ್ಲಿ ನಿಂತು ಯೋಜನೆ ವಿವರಿಸಿದೆ. "ನೋಡು, ಆರು ಲೇನು. ಅಂದ್ರ ಆರು ಗೆರಿ."

"ಏಳು," ಎಂದಳು ಗಿರಿಜಾ.

"ಏನು ಏಳು?"

"ಆರು ಲೇನಿಗೆ ಏಳು ಗೆರಿ ಬೇಕಲ್ರೀ. ಐದು ಬೆರಳಿನ ನಡುವ ನಾಕ ಸಂದಿ ಇರ್ತಾವ."

ನಾನು ನನ್ನ ಬೆರಳು ಎಣಿಸಿದೆ. ಗಣಿತದ ಮಾಸ್ತರ, ಐವತ್ತರ ಅಂಚಿನಲ್ಲಿ, ಬಯಲಿನಲ್ಲಿ ನಿಂತು ಬೆರಳು ಎಣಿಸಿದೆ! "ಅದನ್ನ ಹೇಳಾಕತ್ತಿದ್ದೆ," ಎಂದು ಕೆಲಸ ಶುರು ಮಾಡಿದೆ.

ಮೊದಲನೆಯ ವ್ಯಾಖ್ಯೆಯಿಂದ ಆರಂಭಿಸುವುದು ಶಾಸ್ತ್ರಸಮ್ಮತ. ತಳದಲ್ಲಿ ತೂತು ಕೊರೆದ ತಗಡಿನ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಕಣ್ಣಳತೆಯಲ್ಲಿ ಎರಡು ಗೆರೆ ಎಳೆದು ಬಂದೆ. ಎರಡೂ ಕಂಪೌಂಡಿನ ತನಕ ಹೋದವು. ಎಲ್ಲಿಯೂ ಕೂಡಲಿಲ್ಲ.

"ಕೂಡಿದಾವೇನು? ಇಲ್ಲ. ಅಂದ್ರ ಸಮಾಂತರ!"

ಗಿರಿಜಾ ಸೆರಗಿನಿಂದ ಬಿಸಿಲು ಮರೆ ಮಾಡಿಕೊಂಡು ನೋಡಿದಳು. "ಇಲ್ಲಿ ಕೂಡಿಲ್ಲ ಖರೇ. ಆದ್ರ ಕಂಪೌಂಡ್ ದಾಟಿ ಆ ಜಾಲಿ ಗಿಡದ ಹತ್ರ ಕೂಡೇ ಕೂಡ್ತಾವ."

ಕೂಡುವುದಿಲ್ಲ ಎಂದು ನಾನು ಸಾಧಿಸಬೇಕಾದರೆ ಅನಂತದ ತನಕ ನಡೆದು ಹೋಗಿ ನೋಡಿಬರಬೇಕು. ಸಂಜೆಯೊಳಗೆ ಅದು ಆಗುವ ಕೆಲಸವಲ್ಲ. ಇಪ್ಪತ್ತೆರಡು ವರ್ಷ ಮೊದಲನೆಯದಾಗಿ ಬರೆಸಿದ ವ್ಯಾಖ್ಯೆ ಕೇಳಲಿಕ್ಕೆ ಚೆಂದ, ಕೆಲಸಕ್ಕೆ ಬರುವುದಿಲ್ಲ ಎಂದು ಆಗ ತಿಳಿಯಿತು. ಕಸಬರಿಗೆಯಿಂದ ಗೆರೆ ಅಳಿಸಿದೆವು.

ಎರಡನೆಯದು: ಒಂದೇ ರೇಖೆಗೆ ಲಂಬ. ಆ ರೇಖೆ ಎಲ್ಲಿದೆ? ಕಣ್ಣ ಮುಂದೆಯೇ ಕಂಪೌಂಡ್ ಗೋಡೆ! ಗೋಡೆಗೆ ಕೋನಮಾಪಕ ಹಚ್ಚಿ, ತೊಂಬತ್ತು ಡಿಗ್ರಿ ನೋಡಿ, ಒಂದೊಂದೇ ಗೆರೆ ಬಿಡುತ್ತಾ ಹೋದೆ. ಏಳೂ ಮುಗಿಸಿ ಹಿಂತಿರುಗಿ ನೋಡುತ್ತೇನೆ, ಗೆರೆಗಳು ನವಿಲು ಗರಿ ಬಿಚ್ಚಿದಂತೆ ಹರಡಿಕೊಂಡಿವೆ!

"ಬೀಸಣಿಗಿ ಚಲೋ ಬಂದೈತಿ," ಎಂದಳು ಗಿರಿಜಾ.

ತಪ್ಪು ವ್ಯಾಖ್ಯೆಯದಲ್ಲ. ಗೋಡೆಯೇ ಹೊಟ್ಟೆ ಬಿಟ್ಟುಕೊಂಡು ಬಾಗಿತ್ತು. ಅದೇ ಗೋಡೆಯ ಪಕ್ಕ ದಿನಾ ಸ್ಕೂಟರ್ ನಿಲ್ಲಿಸುವ ನಾನು ಅದನ್ನು ಒಂದು ದಿನವೂ ಗಮನಿಸಿರಲಿಲ್ಲ. ಮತ್ತೆ ಕಸಬರಿಗೆ.

ಮೂರನೆಯದಕ್ಕೆ ಮೈದಾನದ ಅಡ್ಡ ಒಂದು ಓರೆ ಗೆರೆ ಎಳೆದೆ. ಇದು ಛೇದಕ. ಇದರ ಮೇಲೆ ಪ್ರತಿ ಗೆರೆಯೂ ಅರವತ್ತು ಡಿಗ್ರಿ. ಮೊದಲನೆಯ ಗೆರೆ ಸುಂದರವಾಗಿ ಬಂತು. ಎರಡನೆಯದನ್ನು ಹಾಕುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಛೇದಕದ ಆ ಕಡೆ ದಾಟಿ ನಿಂತು, ಅಲ್ಲಿಂದ ಅರವತ್ತು ಅಳೆದೆ. ನಿಂತ ಕಡೆ ಬದಲಾದರೆ ಕೋನದ ಕಡೆಯೂ ಬದಲಾಗುತ್ತದೆ. ಈ ತಪ್ಪು ಮಾಡಿದ ಮಕ್ಕಳಿಗೆ ನಾನು ನಿರ್ದಯವಾಗಿ ಸೊನ್ನೆ ಕೊಡುತ್ತೇನೆ. ಎರಡೂ ಗೆರೆ ಮೈದಾನದ ನಟ್ಟನಡುವೆ ಅಣ್ಣತಮ್ಮಂದಿರಂತೆ ಅಪ್ಪಿಕೊಂಡವು!

"ಇವು ಕೂಡಿದುವಲ್ರೀ," ಎಂದಳು ಗಿರಿಜಾ.

ತಿದ್ದಿ ಮತ್ತೆ ಹಾಕಿದೆ. ಆಗಲೂ ಸರಿ ಬರಲಿಲ್ಲ. ನೆಲದ ಮೇಲೆಯೇ ಕೂತು ಲೆಕ್ಕ ಮಾಡಿದೆ. ಕೋನಮಾಪಕದ ಮೇಲೆ ಒಂದೇ ಒಂದು ಡಿಗ್ರಿ ತಪ್ಪಿದರೆ ನೂರು ಮೀಟರ್ ಹೋಗುವಷ್ಟರಲ್ಲಿ ಒಂದೂಮುಕ್ಕಾಲು ಮೀಟರ್ ತಪ್ಪುತ್ತದೆ. ಲೇನಿನ ಅಗಲವೇ ಒಂದೂಕಾಲು ಮೀಟರಿಗೂ ಕಮ್ಮಿ! ಪುಸ್ತಕದಲ್ಲಿ ರೇಖೆಗಳು ಆರು ಸೆಂಟಿಮೀಟರ್ ಉದ್ದ ಇರುವುದರಿಂದಲೇ ನನ್ನ ಮರ್ಯಾದೆ ಇಷ್ಟು ವರ್ಷ ಉಳಿದಿತ್ತು.

ಬೇವಿನ ಗಿಡದ ನೆರಳಿನಲ್ಲಿ ಊಟಕ್ಕೆ ಕುಳಿತೆವು. ಗಿರಿಜಾ ರೊಟ್ಟಿ ಮುರಿಯುತ್ತಾ ಕೇಳಿದಳು, "ಪಾಟೀಲ ಸರ್ ಏನೋ ಹಗ್ಗ, ಗೂಟ ಅಂದಿದ್ರಲ್ಲ?"

"ಅದು ನಾಕನೇ ವ್ಯಾಖ್ಯೆ. ಈಗ ಅದಕ್ಕ ಬರಾಕತ್ತೀನಿ," ಎಂದೆ ಗಂಭೀರವಾಗಿ.

ಊಟವಾದ ಮೇಲೆ ಓಟ ಆರಂಭವಾಗುವ ಕಡೆ ಏಳು ಗುರುತು ಹಾಕಿದೆವು. ಒಂದರಿಂದೊಂದಕ್ಕೆ ಸರಿಯಾಗಿ ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್. ನಂತರ ಓಟ ಮುಗಿಯುವ ಕಡೆ ಹೋದೆವು. ಅಲ್ಲಿಯೂ ಏಳು ಗುರುತು ಬೇಕು. ಯಾವ ದಿಕ್ಕಿಗೆ ಅಳೆಯುವುದು? ಎದುರಿಗೆ ಧ್ವಜಸ್ತಂಭ ಕಂಡಿತು. ಟೇಪನ್ನು ಅದರ ನೇರಕ್ಕೆ ಹಿಡಿಸಿ, ಅದೇ ಒಂದು ಮೀಟರ್ ಇಪ್ಪತ್ತೆರಡರ ಲೆಕ್ಕದಲ್ಲಿ ಗುರುತು ಹಾಕುತ್ತಾ ಹೋದೆ. ಧ್ವಜಸ್ತಂಭ ಓರೆಗೆ ಇತ್ತು. ಅಂತರ ಎಂದರೆ ಲಂಬದೂರ, ಓರೆಯಾಗಿ ಅಳೆದರೆ ಲೇನು ಕಿರಿದಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಪಾಠ ಮಾಡುವಾಗ ಗೊತ್ತು.

ಹಗ್ಗ ಎಳೆದೆವು, ಸುಣ್ಣ ಹಾಕಿದೆವು. ಸಂಜೆ ಐದರ ಹೊತ್ತಿಗೆ ಏಳು ಬೆಳ್ಳನೆಯ ಗೆರೆಗಳು ಹೊಳೆಯುತ್ತಿದ್ದವು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಆ ಕಡಿ ಸಣ್ಣಗ ಕಾಣ್ತಾವಲ್ರೀ?" ಎಂದಳು ಗಿರಿಜಾ.

ನನಗೆ ನಗು ಬಂತು. "ಹುಚ್ಚಿ! ರೈಲ್ವೆ ಹಳಿ ದೂರದಾಗ ಕೂಡಿದಂಗ ಕಾಣಂಗಿಲ್ಲೇನು? ಸಮಾಂತರ ರೇಖಿ ದೂರದಿಂದ ಹಂಗ ಕಾಣ್ತಾವ. ಹಂಗ ಕಂಡ್ರನ ಸರಿ ಅದಾವ ಅಂತ ತಿಳ್ಕೋ."

ಅವಳು ನಡೆದುಕೊಂಡು ಆ ತುದಿಗೆ ಹೋದಳು. ಅಲ್ಲಿ ನಿಂತು ನನ್ನ ಕಡೆ ನೋಡಿ ಕೂಗಿದಳು. "ರೀ! ಇಲ್ಲಿಂದ ನೋಡಿದ್ರ ನೀವು ನಿಂತ ಕಡಿ ಅಗಲ ಕಾಣಾಕತ್ತೈತಿ! ರೈಲ್ವೆ ಹಳಿ ಹಿಂಗೂ ಕಾಣ್ತಾವೇನು?"

"ನಿನ್ನ ಕಣ್ಣಿನ ಚಾಳೀಸು ಬದಲಿ ಮಾಡಬೇಕಾಗೇದ! ಬಾ, ಹೊತ್ತಾತು," ಎಂದು ಸ್ಕೂಟರ್ ಚಾಲೂ ಮಾಡಿದೆ.

ಸೋಮವಾರ ಸುತ್ತಲಿನ ಊರುಗಳಿಂದ ಮಕ್ಕಳು ಟಂಟಂ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಬಂದಿಳಿದರು. ಮುಂಜಾನೆ ಗುಂಡು ಎಸೆತ, ಉದ್ದ ಜಿಗಿತ ಮುಗಿದವು. ನಂತರ ಬಾಲಕಿಯರ ನೂರು ಮೀಟರ್. ಕಸ್ತೂರಿಗೆ ನಾಲ್ಕನೆಯ ಲೇನು. ಅವಳ ತಾಯಿ ಯಲ್ಲವ್ವ ಮೈದಾನದ ಅಂಚಿನಲ್ಲಿ ತಲೆತುಂಬ ಸೆರಗು ಹೊದ್ದು ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಗೆರಿ ನೀವ ಹಾಕೀರಂತಲ್ರಿ ಸರ. ಮಗಳು ಹೇಳಿದ್ಳು."

"ಹೌದವಾ," ಎಂದೆ. ಧ್ವನಿಯಲ್ಲಿ ವಿನಯ ತರಲು ಪ್ರಯತ್ನಿಸಿದ್ದು ನೆನಪಿದೆ.

ಸೀಟಿ ಕೇಳಿತು. ಆರು ಹುಡುಗಿಯರು ಬಿಟ್ಟ ಬಾಣದಂತೆ ಹೊರಟರು. ಐವತ್ತು ಮೀಟರಿಗೆ ಕಸ್ತೂರಿ ಎರಡು ಹೆಜ್ಜೆ ಮುಂದಿದ್ದಳು. ಅರವತ್ತಕ್ಕೆ ಹುಡುಗಿಯರು ಹತ್ತಿರವಾದರು. ಎಪ್ಪತ್ತಕ್ಕೆ ಮೊಣಕೈಗೆ ಮೊಣಕೈ ತಾಗಿತು. ಎಂಬತ್ತಕ್ಕೆ ಮುಶಿಗೇರಿ ಕಡೆಯ ಹುಡುಗಿಯ ಕಾಲು ಕಸ್ತೂರಿಯ ಕಾಲಿಗೆ ತೊಡರಿ ಇಬ್ಬರೂ ಬಿದ್ದರು. ಹಿಂದಿದ್ದವರು ಅವರ ಮೇಲೆ ಎಡವಿದರು. ಒಬ್ಬಳು ಮಾತ್ರ, ಏನಾಯಿತೆಂದು ತಿಳಿಯದೆ, ಒಬ್ಬಳೇ ಓಡಿ ಗುರಿ ಮುಟ್ಟಿ ಹಿಂತಿರುಗಿ ನೋಡಿದಳು.

ನಾನು ಓಡಿಹೋದೆ. ಕಸ್ತೂರಿಯ ಮೊಣಕಾಲಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಅವಳು ಅಳಲಿಲ್ಲ. ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಗೆರೆ ನೋಡಿದಳು. ನನಗೆ ಅಲ್ಲಿಯೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಬೇರೆ ಊರಿನಿಂದ ಬಂದಿದ್ದ ಮುಖ್ಯ ತೀರ್ಪುಗಾರರು ಟೇಪು ತರಿಸಿದರು. ಆರಂಭದಲ್ಲಿ ಲೇನು ಒಂದು ಮೀಟರ್ ಇಪ್ಪತ್ತೆರಡು. ಕೊನೆಯಲ್ಲಿ ಮೀಟರಿಗೂ ಗೇಣು ಕಡಿಮೆ!

"ಇದು ಟ್ರ್ಯಾಕೋ, ಎಣ್ಣಿ ಸುರುವೂ ಲಾಳಿಕಿಯೋ?" ಎಂದರು. ನಂತರ ಮುಕ್ತಾಯದ ಗೆರೆಯ ಮೇಲೆ ನಡೆದು ನೋಡಿ ಇನ್ನಷ್ಟು ಹೌಹಾರಿದರು. ಧ್ವಜಸ್ತಂಭದ ನೇರಕ್ಕೆ ಹಾಕಿದ್ದರಿಂದ ಆ ಗೆರೆಯೂ ಓರೆಯಾಗಿತ್ತು. ಒಂದನೆಯ ಲೇನಿನವಳಿಗಿಂತ ಆರನೆಯ ಲೇನಿನವಳು ಐದು ಮೀಟರ್ ಹೆಚ್ಚು ಓಡಬೇಕಿತ್ತು! "ಇದನ್ನ ಹಾಕಿದವ್ರು ಯಾರ್ರಿ?"

"ನಮ್ಮ ಗಣಿತದ ಸರ್," ಎಂದರು ಮೇಡಂ, ಬಹಳ ಮೆಲ್ಲಗೆ.

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ತಾಸು ಟೈಮ್ ಕೊಡ್ತೀನಿ. ಸರಿ ಮಾಡ್ರಿ. ಇಲ್ಲಾಂದ್ರ ನೂರು ಮೀಟರ್ ರದ್ದು. ಈ ವಲಯದಿಂದ ಯಾರೂ ತಾಲೂಕಿಗೆ ಹೋಗೂದು ಬ್ಯಾಡ."

ಅಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ಕೆಲಸ ಶುರು ಮಾಡುತ್ತಾನೆ. ನಾನು ಮಾತು ಶುರು ಮಾಡಿದೆ. "ನೋಡ್ರಿ ಸರ, ಸಮಾಂತರ ರೇಖಿಗೆ ನಾಕು ವ್ಯಾಖ್ಯೆ ಅದಾವ. ಮೊದಲನೇದು ವ್ಯವಹಾರಕ್ಕ ಬರಂಗಿಲ್ಲ..." ಐದು ನಿಮಿಷ ಮಾತಾಡಿರಬೇಕು. ಮಧ್ಯೆ ಯಾರೋ ನನ್ನ ಅಂಗಿಯ ತೋಳು ಜಗ್ಗಿದರು. ಯಲ್ಲವ್ವ.

"ಸರ, ತಪ್ಪು ತಿಳೀಬ್ಯಾಡ್ರಿ. ಸಾಲು ಬಿಡೂದು ಹೌದಲ್ರಿ? ಬಿತ್ತಾಕ ಬಿಟ್ಟಂಗ?"

"ಹೌದವಾ, ಒಂದು ರೀತಿ ಹಂಗ."

"ಹಂಗಾದ್ರ ಪ್ರತಿ ಸಾಲಿಗೂ ಟೇಪು ಯಾಕ್ರಿ? ಕೂರಿಗಿ ಹೊಡಿಯೂವಾಗ ನಾವೇನು ಟೇಪು ಹಿಡಿತೀವೇನ್ರಿ? ಕೂರಿಗಿದು ಒಂದು ಕಾಲು ಹಳೇ ಸಾಲಿನ್ಯಾಗ ಇಟ್ಟು ನಡದ್ರ ಇನ್ನೊಂದು ಕಾಲು ತಾನ ಹೊಸಾ ಸಾಲು ಬಿಡ್ತದ."

ಹೇಳಿ ಸುಮ್ಮನೆ ನಿಲ್ಲಲಿಲ್ಲ. ಪೆಂಡಾಲಿನಿಂದ ಒಂದು ಬಿದಿರು ಕೇಳಿ ತಂದಳು. ನನ್ನ ಟೇಪಿನಿಂದ ಒಂದೇ ಸಲ ಅಳತೆ ಹಿಡಿಸಿ, ಅದರ ಎರಡು ಕಡೆ ಎರಡು ಗೂಟ ಬಿಗಿಯಾಗಿ ಕಟ್ಟಿದಳು. ಬಿದಿರು ಅಡ್ಡ, ಗೂಟಗಳು ಕೆಳಮುಖ. ಅಷ್ಟೇ. ಬರಿ ನೆಲದ ಮೇಲೆ ಎಳೆದು ತೋರಿಸಿದಳು. ಎರಡು ಗೀರು, ಪಕ್ಕಪಕ್ಕದಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ!

ನಾನು ಬಾಯಿ ತೆರೆದು ನೋಡಿದೆ. ನಾನು ಅಂತರವನ್ನು ಎರಡು ತುದಿಯಲ್ಲಿ ಅಳೆದು ನಡುವೆ ದೇವರ ಮೇಲೆ ಭಾರ ಹಾಕಿದ್ದೆ. ಇವಳು ಅಂತರವನ್ನೇ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ನನ್ನ ನಾಲ್ಕನೆಯ ವ್ಯಾಖ್ಯೆಯ ನಿಜವಾದ ಅರ್ಥ ನನಗೆ ಆ ದಿನ ತಿಳಿಯಿತು.

ಇಲ್ಲಿಗೆ ನಾನು ಬದಿಗೆ ಸರಿದಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಸುತ್ತ ನೂರಾರು ಮಕ್ಕಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಯಲ್ಲವ್ವ, ಮೊದಲನೇ ಗೆರಿ ಮಾತ್ರ ನಾ ಹಾಕ್ತೀನಿ," ಎಂದೆ. "ಎರಡು ಬಿಂದುವಿನ ನಡುವ ಹಗ್ಗ ಬಿಗಿಯಾಗಿ ಎಳದ್ರ ಅದು ನೆಟ್ಟಗ ಇರಲೇಬೇಕು. ಇದಕ್ಕ ವ್ಯಾಖ್ಯೆನೂ ಬ್ಯಾಡ."

ಹಳೆಯ ಗೆರೆಗಳ ಪಕ್ಕದ ಖಾಲಿ ನೆಲದಲ್ಲಿ ಒಂದು ತುದಿಗೆ ಗೂಟ ಹೊಡೆದು, ಇನ್ನೊಂದು ತುದಿಯನ್ನು ಜಗ್ಗಿ ಕಟ್ಟಿ, ಹಗ್ಗದ ಗುಂಟ ಸರಸರ ಸುಣ್ಣ ಹಾಕಿದೆ. ಗಡಿಬಿಡಿಯಲ್ಲಿ ನಾನು ನೋಡದೆ ಹೋದದ್ದು ಒಂದೇ. ಮುಂಜಾನೆಯ ಗುಂಡು ಎಸೆತದ ಕಬ್ಬಿಣದ ಗುಂಡು ಮೈದಾನದ ನಡುವೆಯೇ ಬಿದ್ದಿತ್ತು. ಹಗ್ಗ ಅದಕ್ಕೆ ತಾಗಿ ಗೇಣಿನಷ್ಟು ಪಕ್ಕಕ್ಕೆ ಬಾಗಿತ್ತು.

"ಸರ, ನಡುವ ಸ್ವಲ್ಪ..." ಎಂದಳು ಯಲ್ಲವ್ವ.

"ಟೈಮ್ ಇಲ್ಲವಾ, ಎಳಿ ಎಳಿ!"

ನಾನು ಹೇಳಿದಂತೆಯೇ ಅವಳು ಎಳೆದಳು. ಒಂದು ಗೂಟ ನನ್ನ ಗೆರೆಯಲ್ಲಿ, ಇನ್ನೊಂದು ಹೊಸ ನೆಲದಲ್ಲಿ. ನಮ್ಮ ಮೇಡಂ ಹಿಂದೆಯೇ ಗೀರಿನ ಮೇಲೆ ಸುಣ್ಣ ಬಿಡುತ್ತಾ ಬಂದರು. ನಲವತ್ತು ನಿಮಿಷದಲ್ಲಿ ಏಳು ಗೆರೆ ಸಿದ್ಧ. ಏಳೂ ಗೆರೆಗಳಲ್ಲಿ, ಸರಿಯಾಗಿ ಅರವತ್ತನೆಯ ಮೀಟರಿನಲ್ಲಿ, ನನ್ನ ಗೇಣು ಬಾಗು ಅಚ್ಚುಕಟ್ಟಾಗಿ ಮೂಡಿತ್ತು!

ತೀರ್ಪುಗಾರರು ಎರಡು ತುದಿ, ನಡುವೆ, ಎಲ್ಲ ಕಡೆ ಅಳೆದರು. ಎಲ್ಲ ಕಡೆ ಒಂದು ಮೀಟರ್ ಇಪ್ಪತ್ತೆರಡು. ಮುಕ್ತಾಯದ ಗೆರೆಯನ್ನು ಅವರೇ ಸ್ವತಃ ಹಾಕಿದರು, ನನಗೆ ಡಬ್ಬಿ ಮುಟ್ಟಲೂ ಬಿಡಲಿಲ್ಲ. ಬಹಳ ಹೊತ್ತು ನಿಂತು ವಿಚಾರ ಮಾಡಿ ತೀರ್ಪು ಕೊಟ್ಟರು. "ಸಮಾಂತರ ಅದಾವ. ನೆಟ್ಟಗ ಇಲ್ಲ. ಆದ್ರ ಎಲ್ಲಾರಿಗೂ ಅನ್ಯಾಯ ಒಂದ ಅಳತಿ ಆಗೇದ. ಓಡಸ್ರಿ!"

ಬಿದ್ದ ಹುಡುಗಿಯರು ಎದ್ದು ನಿಂತಿದ್ದರು. ಕಸ್ತೂರಿಯ ಮೊಣಕಾಲಿಗೆ ಮೇಡಂ ಬಿಳಿ ಪಟ್ಟಿ ಕಟ್ಟಿದ್ದರು. ಸೀಟಿ ಕೇಳಿತು. ಆರೂ ಹುಡುಗಿಯರು ನೆಟ್ಟಗೆ ಬಂದರು, ಅರವತ್ತನೆಯ ಮೀಟರಿನಲ್ಲಿ ಯಾರೋ ಹೇಳಿಕೊಟ್ಟಂತೆ ಒಟ್ಟಿಗೆ ಒಂದು ಹೆಜ್ಜೆ ಎಡಕ್ಕೆ ಸರಿದರು, ಒಟ್ಟಿಗೆ ಬಲಕ್ಕೆ ಬಂದರು, ಮುಂದೆ ಓಡಿದರು. ನೋಡುವವರಿಗೆ ಕೋಲಾಟದಂತೆ ಕಂಡಿರಬೇಕು. ನನಗೆ ಏನೂ ಕಾಣಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಕೇಕೆ ಕೇಳಿ ಕಣ್ಣು ಬಿಟ್ಟೆ. ಕಸ್ತೂರಿ ಎರಡನೆಯವಳು! ತಾಲೂಕಿಗೆ ಆಯ್ಕೆ!

ಯಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬೆವರೋ, ಕಣ್ಣೀರೋ, ನಾನು ಕೇಳಲಿಲ್ಲ. ಅವಳೇ ಹೇಳಿದಳು. "ಮೊದಲನೇ ಸಾಲು ಸೊಟ್ಟಾತಂದ್ರ ಹೊಲಾನ ಸೊಟ್ಟ ನೋಡ್ರಿ ಸರ. ಆದ್ರೂ ಬೆಳಿ ಬರ್ತದ."

ಕಸ್ತೂರಿ ನೀರು ಕುಡಿಯುತ್ತಿದ್ದ ಕಡೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತು ಹೇಳಿದೆ. "ಕಸ್ತೂರಿ, ನೀ ಬಿದ್ದದ್ದು ನನ್ನ ತಪ್ಪಿನಿಂದವಾ. ಇಲ್ಲಾಂದ್ರ ಫಸ್ಟ್ ಬರ್ತಿದ್ದಿ."

"ಇರ್ಲಿ ಬಿಡ್ರಿ ಸರ." ಅವಳು ಬಗ್ಗಿ ಮೊಣಕಾಲಿನ ಪಟ್ಟಿ ಸರಿಮಾಡಿಕೊಂಡಳು. "ಆದ್ರ ಸರ, ಹೋದ ಟೆಸ್ಟಿನ್ಯಾಗ ನಾ ಹಾಕಿದ ಗೆರಿ ಇಷ್ಟು ಸೊಟ್ಟ ಇರಲಿಲ್ರಿ. ನೀವು ಸೊನ್ನಿ ಕೊಟ್ಟಿದ್ರಿ."

ಮರುದಿನ ಆ ಉತ್ತರಪತ್ರಿಕೆ ಹುಡುಕಿ ಒಂದು ಅಂಕ ಕೊಟ್ಟೆ. ಗೆರೆ ನಿಜವಾಗಿಯೂ ನನ್ನದಕ್ಕಿಂತ ಚೆನ್ನಾಗಿತ್ತು.

ಎರಡು ವಾರದ ನಂತರ ರೋಣದಲ್ಲಿ ತಾಲೂಕು ಕ್ರೀಡಾಕೂಟ. ಎಲ್ಲ ಶಾಲೆಯ ಶಿಕ್ಷಕರಿಗೂ ಒಂದೊಂದು ಕೆಲಸ ಹಂಚಿದ್ದರು. ಯಾರಿಗೋ ಸಮಯ ನೋಡುವುದು, ಯಾರಿಗೋ ಅಂಕ ಬರೆಯುವುದು. ನನ್ನ ಖ್ಯಾತಿ ನನಗಿಂತ ಮೊದಲೇ ರೋಣ ತಲುಪಿತ್ತು. ಬಹಳ ಯೋಚಿಸಿ, ಏನೂ ಕೆಡಲು ಸಾಧ್ಯವಿಲ್ಲದ ಒಂದು ಕೆಲಸವನ್ನು ನನಗೆ ಕೊಟ್ಟರು. ಬರಿಗಾಲಲ್ಲಿ ಓಡುವ ಮಕ್ಕಳು ಬಿಟ್ಟುಹೋಗುವ ಚಪ್ಪಲಿ ಕಾಯುವುದು!

ನಾನು ಅವಮಾನ ಎಂದುಕೊಳ್ಳಲಿಲ್ಲ. ಮರದ ಕೆಳಗೆ ಕುಳಿತು, ರಾಶಿ ಬಿದ್ದಿದ್ದ ಚಪ್ಪಲಿಗಳನ್ನು ಆರಿಸಿ, ಜೋಡಿ ಜೋಡಿಯಾಗಿ, ಮೂಗು ಮುಂದೆ ಮಾಡಿ, ಒಂದೇ ಅಂತರದಲ್ಲಿ ಸಾಲಾಗಿ ಇಟ್ಟೆ. ಅಲ್ಲಿಂದ ಓಟ ಕಾಣುತ್ತಿರಲಿಲ್ಲ. ದೊಡ್ಡ ಗದ್ದಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಸ್ತೂರಿ ಏದುಸಿರು ಬಿಡುತ್ತಾ ಓಡಿಬಂದಳು.

"ಸರ, ಫಸ್ಟ್ ಬಂದೆನ್ರಿ! ಜಿಲ್ಲಾಕ್ಕ ಸೆಲೆಕ್ಟ್ ಆದೆ!"

ಎದ್ದು ನಿಂತು, ಎರಡೂ ಕೈಯಿಂದ ಅವಳ ಚಪ್ಪಲಿ ಜೋಡಿಯನ್ನು ತೆಗೆದು ಅವಳ ಕಾಲ ಮುಂದೆ ಪಕ್ಕಪಕ್ಕದಲ್ಲಿ ಇಟ್ಟೆ. "ಬ್ಯಾಡ್ರಿ ಸರ, ಬ್ಯಾಡ್ರಿ," ಎನ್ನುತ್ತಾ ನಾಚಿಕೊಂಡು ಅವಳು ಕಾಲು ತೂರಿಸಿದಳು. ನಿಂತಳು. ಕೆಳಗೆ ನೋಡಿದಳು.

"ಸರ," ಎಂದಳು ಮೆಲ್ಲಗೆ, "ಇವೆರಡೂ ಎಡಗಾಲಿನವ್ರಿ."